ಹೆದರಿಕೆ ಯಾರ ಕಡೆಯದು

ನಮ್ಮ ಮನೆಯಲ್ಲಿ ಹೆದರಿಕೆಗೊಂದು ವಂಶವೃಕ್ಷವಿತ್ತು, ಮತ್ತು ಅದರ ಬೇರು, ಕಾಂಡ, ಕೊಂಬೆಗಳೆಲ್ಲ ಅಮ್ಮನ ಕಡೆಯವೇ ಆಗಿದ್ದವು. ನಾನು ಎಸ್ಕಲೇಟರಿನ ಮುಂದೆ ಕಾಲು ಎತ್ತಲಾರದೆ ನಿಂತರೆ ಅದು ಮದ್ದೂರಿನ ಅಜ್ಜಿಯಿಂದ ಬಂದದ್ದು. ಫೋನು ಹೊಡೆದುಕೊಳ್ಳುತ್ತಿದ್ದರೂ ಎತ್ತದೆ ಕುಳಿತರೆ ಸೋದರಮಾವನಿಂದ ಬಂದದ್ದು. ಅಪ್ಪನ ಕಡೆಯಿಂದ ನನಗೆ ಬಂದದ್ದೆಂದರೆ ಗಣಿತ ಮತ್ತು ದಟ್ಟವಾದ ಕೂದಲು. ಈ ಪಾಲುಪಟ್ಟಿಯನ್ನು ಮಾಡಿದವರು ಅಪ್ಪ. ಅಮೆರಿಕದ ಸನ್ನಿವೇಲಿನ ಅಪಾರ್ಟ್‌ಮೆಂಟಿನಲ್ಲಿದ್ದ ವರ್ಷಗಳಲ್ಲಿ, ಒಂದು ಭಾನುವಾರ, ಈಜು ಕಲಿಸುತ್ತೇನೆಂದು ಅವರು ನನ್ನನ್ನು ಕಾಂಪ್ಲೆಕ್ಸಿನ ಪೂಲಿನ ಆಳದ ತುದಿಗೆ ಎತ್ತಿ ಹಾಕಿದರು. ನಾನು ನೀರು ಕುಡಿದು, ಮೂಗು ಉರಿದು, ಅಂಚಿನ ಟೈಲನ್ನು ಉಗುರಲ್ಲಿ ಹಿಡಿದು ಅಳುತ್ತಿದ್ದಾಗ, ಟವೆಲು ಹಿಡಿದು ಓಡಿಬಂದ ಅಮ್ಮನಿಗೆ ಅವರು ಹೇಳಿದ್ದು ಇಷ್ಟು:

“ನೋಡು, ನಿಮ್ಮ ಕಡೆ ರಕ್ತ. ಪುಕ್ಕಲು.”

ಎಸೆದ ಕೈ ಆ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ. ಒಂದು ಮಗು ತಾನಾಗಿಯೇ ನೀರಿಗೆ ಬಿದ್ದು, ತಾನಾಗಿಯೇ ಹೆದರಿ, ತನ್ನ ತಾಯಿಯ ರಕ್ತವನ್ನು ಊರಿಗೆಲ್ಲ ತೋರಿಸಿಕೊಂಡ ಹಾಗಿತ್ತು. ಮುಂದೆ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುವಾಗ, ಅಮ್ಮನ ಅಡುಗೆಮನೆಯ ಕನ್ನಡವನ್ನು ಎರಡನೆಯ ಸಲ, ಪುಸ್ತಕ ಹಿಡಿದು ಕಲಿಯುವಾಗ, ನಾನು ಬರವಣಿಗೆಗೆ ಒಂದೇ ಕೆಲಸವನ್ನು ವಹಿಸಿದೆ: ಇಂಥ ಮಾತುಗಳಿಂದ ಜಾರಿಕೊಂಡ ಕೈಗಳನ್ನು ಮತ್ತೆ ಅವುಗಳೊಳಕ್ಕೆ ಎಳೆದು ತರುವುದು. ಆ ಕೆಲಸ ನನಗೆ ಎಲ್ಲಿಂದ ಬಂತೆಂಬುದಕ್ಕೆ ಉತ್ತರ ಯಾವ ತರಗತಿಯಲ್ಲೂ ಇಲ್ಲ. ಅದು ಹೇವರ್ಡಿನ ನಮ್ಮ ಮನೆಯಲ್ಲಿ, ನನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಅಪ್ಪ ಒಂದು ಕೋವಿಯನ್ನೂ ಒಂದು ನಾಯಿಯನ್ನೂ ಆರಿಸಿ ತಂದ ವರ್ಷದಲ್ಲಿದೆ.

ಅದು ನಮಗೆ ಗ್ರೀನ್ ಕಾರ್ಡು ಬಂದ ವರ್ಷ. ಅದಕ್ಕೂ ಮುಂಚಿನ ನಮ್ಮ ಸಂಸಾರ ಪಿಸುಮಾತಿನದು. ಮಿಕ್ಸಿಯನ್ನು ಮಡಿಸಿದ ಟವೆಲಿನ ಮೇಲಿಟ್ಟು ತಿರುಗಿಸುತ್ತಿದ್ದೆವು, ಗೋಡೆಗೆ ಮೊಳೆ ಹೊಡೆಯುತ್ತಿರಲಿಲ್ಲ, ಪೊಲೀಸ್ ಕಾರು ಹಿಂದೆ ಬಂದರೆ ಅಪ್ಪ ರೇಡಿಯೋ ಆರಿಸಿ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಯಾವ ತಪ್ಪಿಗೆ ಯಾರು ನಮ್ಮನ್ನು ವಾಪಸ್ ಕಳಿಸಿಬಿಡುತ್ತಾರೋ ಎಂಬ ಅಂಜಿಕೆ ಉಪ್ಪಿನಂತೆ ಪ್ರತಿ ಊಟದಲ್ಲೂ ಬೆರೆತಿತ್ತು. ವಿಚಿತ್ರವೆಂದರೆ, ಮನೆಯ ಈ ಅತ್ಯಂತ ದೊಡ್ಡ ಅಂಜಿಕೆಯನ್ನು ಯಾರೂ ವಂಶವೃಕ್ಷದಲ್ಲಿ ತೂಗುಹಾಕಲಿಲ್ಲ. ಅದಕ್ಕೆ ‘ಜವಾಬ್ದಾರಿ’ ಎಂದು ಹೆಸರಿತ್ತು. ಕಾರ್ಡು ಬಂದ ಮೇಲೆ ಸನ್ನಿವೇಲ್ ಬಿಟ್ಟು ಹೇವರ್ಡಿನಲ್ಲಿ, ಹಿಂದೆ ಹಿತ್ತಲೂ ಪಕ್ಕದಲ್ಲಿ ಗರಾಜೂ ಇದ್ದ ಬಾಡಿಗೆ ಮನೆಗೆ ಬಂದೆವು. ಅಮ್ಮನಿಗೆ ಹತ್ತಿರದ ಡೇಕೇರಿನಲ್ಲಿ ಕೆಲಸ ಸಿಕ್ಕಿತು. ಅಪ್ಪ ಮಾತ್ರ ದಿನವೂ ಸೇತುವೆ ದಾಟಿ ಅದೇ ಆಫೀಸಿಗೆ ಹೋಗುತ್ತಿದ್ದರು. ಅಲ್ಲಿ ಅವರ ಮ್ಯಾನೇಜರು ಮತ್ತು ತಂಡದ ಕೆಲವರು ನವೆಂಬರ್ ಬಂತೆಂದರೆ ಶನಿವಾರಗಳಲ್ಲಿ ಸ್ಯಾಕ್ರಮೆಂಟೋ ಕಡೆಯ ಬಯಲಿಗೆ ಹಕ್ಕಿ ಬೇಟೆಗೆ ಹೋಗುವವರು. ಸೋಮವಾರದ ಊಟದ ಮೇಜಿನಲ್ಲಿ ಫೆಸೆಂಟಿನದೇ ಮಾತು. ಫೆಸೆಂಟ್ ಅಂದರೆ ಉದ್ದ ಬಾಲದ, ಕೋಳಿ ಜಾತಿಯ ಕಾಡುಹಕ್ಕಿ. ಅಪ್ಪ ತಮ್ಮ ಡಬ್ಬಿ ಬಿಚ್ಚಿಕೊಂಡು ಆ ಮಾತಿನ ಹೊರಗೆ ಎಷ್ಟೋ ವರ್ಷ ಕುಳಿತಿದ್ದರು. ವೀಸಾದ ಮೇಲಿರುವವನಿಗೆ ಕೋವಿ ಕೊಳ್ಳುವುದು ತಲೆನೋವಿನ ಕೆಲಸ. ಕಾರ್ಡು ಕೈಗೆ ಬಂದ ಮೇಲೆ ಆ ನೆಪವೂ ಉಳಿಯಲಿಲ್ಲ.

ಮೊದಲ ಜಗಳ ಮುದ್ದೆಯ ತಟ್ಟೆಗಳ ಮುಂದೆಯೇ ನಡೆಯಿತು.

“ಎಲ್ಲಾರೂ ಕಾರ್ಡ್ ಬಂದ್ರೆ ಮನೆ ತಗೊಳ್ತಾರೆ. ನೀವು ಕೋವಿ ತಗೊಳ್ತೀರಾ,” ಎಂದಳು ಅಮ್ಮ.

“ಮನೆ ಕಾಯೋಕೆ ಅಂತ ತಿಳ್ಕೊ.”

“ಕೋವಿ ಇರೋ ಮನೆನ ಯಾರು ಕಾಯ್ತಾರೆ? ಮಗು ಇರೋ ಮನೆ ಕಣ್ರೀ.”

“ಸೇಫ್ ತರ್ತೀನಿ, ಬೀಗ ಹಾಕ್ತೀನಿ, ಕೋರ್ಸ್ ಪಾಸ್ ಮಾಡಿದೀನಿ. ಇನ್ನೇನು ಬೇಕು? ನಿಮ್ಮ ಕಡೆಯವ್ರಿಗೆ ಒಗ್ಗರಣೆ ಸಿಡಿದ್ರೂ ಎದೆ ನಡುಗುತ್ತೆ.”

ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಬಸ್ಸಾರು ಬಿಟ್ಟಳು. ಅವಳ ಕಡೆಯ ವಿಚಾರ ಬಂದಾಗಲೆಲ್ಲ ಅವಳು ಯಾರದಾದರೂ ತಟ್ಟೆಗೆ ಏನನ್ನಾದರೂ ಬಡಿಸುತ್ತಿದ್ದಳು. ಆ ವಯಸ್ಸಿನಲ್ಲಿ ನನಗೆ ಅದು ಸೋಲಿನಂತೆ ಕಾಣುತ್ತಿತ್ತು.

ಕೋವಿ ಆರಿಸಲು ಅಪ್ಪನಿಗೆ ಗುರುವಾಗಿ ಸಿಕ್ಕವರು ರಫೀಕ್ ಮಾಮ. ವಿಜಯಪುರದವರು, ಹೇವರ್ಡಿನಲ್ಲೇ ಟೈಲ್ಸ್ ಅಂಗಡಿ ಇಟ್ಟವರು, ಹಲವು ಚಳಿಗಾಲ ಬಾತುಕೋಳಿ ಬೇಟೆಯಾಡಿದವರು. ಬಾಡಿಗೆ ಮನೆಯ ಬಚ್ಚಲಿನ ಟೈಲು ಬದಲಿಸಲು ಬಂದಾಗ ಕನ್ನಡ ಕೇಳಿ ಅಲ್ಲೇ ಚಹಾಕ್ಕೆ ಕುಳಿತವರು, ಆಮೇಲೆ ನಮ್ಮ ಮನೆಯವರೇ ಆದರು. ಕೋವಿ ಅಂಗಡಿಗೆ ನಾವು ಮೂವರೂ ಹೋದೆವು. ನನ್ನನ್ನೇಕೆ ಕರೆದೊಯ್ದರೆಂದರೆ, ‘ಇವಳ ಹೆದರಿಕೆ ಬಿಡಿಸಬೇಕು’. ಗೋಡೆಯ ತುಂಬ ಸಾಲಾಗಿ ನಿಲ್ಲಿಸಿದ ಕೋವಿಗಳು, ಎಣ್ಣೆಯ ವಾಸನೆ, ಸದ್ದು ನುಂಗುವ ರತ್ನಗಂಬಳಿ. ಅಪ್ಪ ವಾರಗಟ್ಟಲೆ ರಿವ್ಯೂ ಓದಿ, ತೂಕ, ಉದ್ದ, ಬೆಲೆ, ನಕ್ಷತ್ರಗಳನ್ನೆಲ್ಲ ಕೋಷ್ಟಕ ಮಾಡಿಕೊಂಡು ಬಂದಿದ್ದರು. ಅವರ ಕೋಷ್ಟಕದಲ್ಲಿ ಗೆದ್ದದ್ದು ಹನ್ನೆರಡು ಗೇಜಿನ, ತಾನಾಗಿಯೇ ತೋಟಾ ತುಂಬಿಕೊಳ್ಳುವ, ಭಾರವಾದ ಒಂಟಿ ನಳಿಗೆಯ ಕೋವಿ. ರಫೀಕ್ ಮಾಮ ಕೌಂಟರಿನವನಿಂದ ಬೇರೊಂದನ್ನು ಕೇಳಿ ಪಡೆದರು: ಇಪ್ಪತ್ತು ಗೇಜಿನದು, ಒಂದರ ಮೇಲೊಂದು ಎರಡು ನಳಿಗೆ, ನಡುವೆ ಮಡಿಸಿ ತೆರೆಯುವಂಥದ್ದು.

“ಗೌಡ್ರ, ರಿವ್ಯೂ ಬಾಜೂಕಿಡ್ರಿ. ಬಂದೂಕ ಅಂದ್ರ ಅಂಗಿ ಇದ್ಧಂಗ. ಕಣ್ಣ ಮುಚ್ಚಿ ಭುಜಕ್ಕ ಏರಸ್ರಿ, ಆಮ್ಯಾಲ ಕಣ್ಣ ತಗೀರಿ. ನಳಿಗಿ ನಿಮ್ಮ ಕಣ್ಣಿನ ನೇರಕ್ಕ ಇತ್ತಂದ್ರ ಅದು ನಿಮ್ದು.”

ಅಪ್ಪ ಏರಿಸಿದರು. ಇಪ್ಪತ್ತರದ್ದು ನೇರಕ್ಕಿತ್ತು. ಹನ್ನೆರಡರದ್ದು ಅವರ ಕೆನ್ನೆಯನ್ನು ಎತ್ತಿ, ಕುತ್ತಿಗೆಯನ್ನು ವಾರೆ ಮಾಡಿತು.

“ಇಪ್ಪತ್ತು ಹೆಂಗಸರು, ಮಕ್ಕಳು ಹೊಡೆಯೋದಂತಲ್ಲ ರಫೀಕಣ್ಣ,” ಎಂದರು ಅಪ್ಪ. ಗೇಜಿನ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದಾಗುತ್ತದೆ ಎಂಬುದನ್ನು ಅವರು ದಾರಿಯುದ್ದಕ್ಕೂ ನನಗೆ ವಿವರಿಸಿದ್ದರು.

“ಹಕ್ಕಿಗೇನ್ ಗೊತ್ರಿ ನೀವು ಗಂಡಸೋ ಹೆಂಗಸೋ. ಇನ್ನೊಂದ್ ಮಾತು ಹೇಳ್ತೀನಿ ಕೇಳ್ರಿ. ಹೊಸಬ ಇದ್ದಾಂವ ಮಡಸೂ ಬಂದೂಕನ ತಗೋಬೇಕು. ಮಡಸಿ ಕೈ ಮ್ಯಾಲ ಹಾಕ್ಕೊಂಡು ನಡದ್ರ ಖಾಲಿ ಐತಿ ಅಂತ ದೂರದಿಂದನ ಕಾಣಸ್ತದ. ಖಾಲಿ ಇರೋದು ನಿಮಗ ಗೊತ್ತಿದ್ರ ಸಾಲಂಗಿಲ್ಲ. ಎದುರಿಗಿದ್ದವ್ರಿಗೂ ಕಾಣಬೇಕು.”

ಇದಕ್ಕಿಂತ ಸರಿಯಾದ ನೀತಿಯನ್ನು ನಾನು ಮುಂದೆ ಯಾವ ಪಠ್ಯದಲ್ಲೂ ಓದಲಿಲ್ಲ. ಅಪ್ಪ ನಕ್ಕು, ಹನ್ನೆರಡು ಗೇಜಿನದನ್ನೇ ಕೊಂಡರು. ಮ್ಯಾನೇಜರ ಬಳಿ ಇದ್ದದ್ದು ಅದೇ ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಕಾನೂನಿನ ಪ್ರಕಾರ ಕಾಯಬೇಕಾದ ದಿನಗಳು ಮುಗಿದು ಅದು ಮನೆಗೆ ಬಂದಾಗ ಮಲಗುವ ಕೋಣೆಯ ಕಪಾಟಿನಲ್ಲಿ ಸೇಫಿಗೆ ಜಾಗ ಮಾಡಲು ಅಮ್ಮನ ಸೀರೆಗಳು ಸೂಟ್‌ಕೇಸಿಗೆ ಹೋದವು. ಗಾಳಿಗೆಸೆದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಅಭ್ಯಾಸದಿಂದ ಅಪ್ಪ ಭುಜದ ಮೇಲೆ ನೇರಳೆ ಬಣ್ಣದ ಬಾವು ಹೊತ್ತು ಬರುತ್ತಿದ್ದರು. ಬಿಲ್ಲೆಗಳು ಮಾತ್ರ ಬಹುಪಾಲು ಇಡಿಯಾಗಿಯೇ ನೆಲಕ್ಕೆ ಬೀಳುತ್ತಿದ್ದವಂತೆ. ಒಳ್ಳೆಯ ನಾಯಿಯೊಂದಿದ್ದರೆ ಹಕ್ಕಿ ಹತ್ತಿರದಲ್ಲೇ ಏಳುತ್ತದೆ, ಆಗ ಗುರಿ ತಪ್ಪುವುದಿಲ್ಲ ಎಂದು ಅವರು ತೀರ್ಮಾನಿಸಿದರು. ಒಂದು ತಪ್ಪು ಆಯ್ಕೆಯ ಭಾರವನ್ನು ಹೊರಲು ಹೀಗೆ ಒಂದು ಜೀವ ನಮ್ಮ ಮನೆಗೆ ಬಂತು.

ನಾಯಿಮರಿಗಳನ್ನು ಬೆಳೆಸುತ್ತಿದ್ದ ಹೆಂಗಸಿನ ಹೆಸರು ಕ್ಯಾರಲ್. ಸ್ಯಾಕ್ರಮೆಂಟೋ ಕಣಿವೆಯ ಕಡೆ, ಭತ್ತದ ಗದ್ದೆಗಳ ನಡುವೆ ಅವಳ ತೋಟ. ಎತ್ತರದ ಆಳು, ಕಡಿಮೆ ಮಾತು, ಹೆಚ್ಚು ಬೆಲೆ. ಅವಳ ನಾಯಿಗಳು ಬ್ರಿಟನಿ ಎಂಬ ಜಾತಿಯವು: ಬಿಳಿಯ ಮೈಮೇಲೆ ಕಿತ್ತಳೆ ಮಚ್ಚೆ, ಮಧ್ಯಮ ಗಾತ್ರ, ಹುಲ್ಲಿನಲ್ಲಿ ಹಕ್ಕಿಯ ವಾಸನೆ ಸಿಕ್ಕೊಡನೆ ಕಲ್ಲಿನಂತೆ ನಿಂತು ತೋರಿಸುವ ಗುಣ. “ಮರಿ ನೋಡಬ್ಯಾಡ್ರಿ, ತಾಯಿ ನೋಡ್ರಿ,” ಎಂದು ರಫೀಕ್ ಮಾಮ ದಾರಿಯಲ್ಲೇ ಹೇಳಿದ್ದರು. ಕ್ಯಾರಲ್ ನಮಗೆ ತಾಯಿಯನ್ನು ತೋರಿಸಿದಳು. ತೋರಿಸಿ, ಏನೂ ಹೇಳದೆ, ಕೈಯಲ್ಲಿದ್ದ ದೊಡ್ಡ ಬಾಣಲೆಯ ಮುಚ್ಚಳವನ್ನು ಸಿಮೆಂಟಿನ ನೆಲಕ್ಕೆ ಬಿಟ್ಟಳು. ಅಮ್ಮನೂ ನಾನೂ ಬೆಚ್ಚಿದೆವು. ಅಪ್ಪನೂ ಬೆಚ್ಚಿದರು, ನಾನು ನೋಡಿದೆ. ತಾಯಿನಾಯಿ ಮುಚ್ಚಳವನ್ನೊಮ್ಮೆ ನೋಡಿ ಆಕಳಿಸಿತು. ಮರಿಗಳಲ್ಲಿ ಕೆಲವು ಓಡಿದವು, ಒಂದು ಮಾತ್ರ ಇನ್ನೂ ಗಿರಗಿರನೆ ತಿರುಗುತ್ತಿದ್ದ ಆ ಮುಚ್ಚಳದ ಬಳಿ ಬಂದು, ಮೂಸಿ, ಅದರ ಮೇಲೆ ಕಾಲಿಟ್ಟಿತು. ಅದನ್ನೇ ಆರಿಸಿದೆವು. ಊರಿನ ಹೊಲದಲ್ಲಿ ಏಳುತ್ತಿದ್ದ ಬುರ್ಲಿ ಹಕ್ಕಿಯ ಹಾಗೆ ಚುಕ್ಕೆ ಚುಕ್ಕೆಯಾಗಿದೆ ಎಂದು ಅಮ್ಮ ಅದಕ್ಕೆ ಬುರ್ಲಿ ಎಂದು ಹೆಸರಿಟ್ಟಳು. ಹೊರಡುವಾಗ ಕ್ಯಾರಲ್ ಹೇಳಿದ ಮಾತನ್ನು ಅಪ್ಪ ಚೆನ್ನಾಗಿ ನೆನಪಿಟ್ಟುಕೊಂಡರು: ತಳಿಯಿಂದ ಬಂದ ದೋಷವೇನಾದರೂ ಕಂಡರೆ ಮರಿಯನ್ನು ವಾಪಸ್ ತನ್ನಿ, ಬೇರೆ ಕೊಡುತ್ತೇನೆ. ಅವಳು ನಮ್ಮ ಹಿತ್ತಲಿನ ಬೇಲಿಯ ಎತ್ತರ ಕೇಳಿದಳು, ಹಗಲು ಮನೆಯಲ್ಲಿ ಯಾರಿರುತ್ತಾರೆಂದು ಕೇಳಿದಳು. ಮರಿಯನ್ನು ಕೊಂಡೊಯ್ಯುವ ಮನುಷ್ಯನಿಗೆ ತಾಳ್ಮೆ ಇದೆಯೇ ಎಂದು ಮಾತ್ರ ಕೇಳಲಿಲ್ಲ. ಅದು ಅವಳು ಉತ್ತರಿಸಬೇಕಾದ ಲೋಪ. ನಾನು ಅವಳನ್ನೂ ಸುಮ್ಮನೆ ಬಿಡುವುದಿಲ್ಲ.

ಬುರ್ಲಿ ಬಂದ ಮೇಲೆ ಮನೆಯ ಸದ್ದು ಬದಲಾಯಿತು. ಅವಳು ಮಿಕ್ಸಿಗೆ ಎದುರು ಬೊಗಳುತ್ತಿದ್ದಳು, ವ್ಯಾಕ್ಯೂಮಿನ ಮೇಲೆ ಹಾರುತ್ತಿದ್ದಳು, ಕುಕ್ಕರ್ ಕೂಗಿದರೆ ಅಡುಗೆಮನೆಗೆ ಓಡಿಬಂದು ಯಾರನ್ನೋ ಹುಡುಕುತ್ತಿದ್ದಳು. ಅವಳನ್ನು ಹಿಂಬಾಲಿಸುತ್ತ ನಾನೂ ಮನೆಯ ಕತ್ತಲು ಮೂಲೆಗಳಿಗೆ ಹೋಗತೊಡಗಿದೆ. ಆಯುಧಪೂಜೆಯ ದಿನ ಅಮ್ಮ ಈಳಿಗೆಮಣೆ, ಚಾಕು, ಕಾರಿನ ಕೀಲಿ, ನನ್ನ ಕಂಪಾಸ್ ಪೆಟ್ಟಿಗೆ, ಅಪ್ಪನ ಲ್ಯಾಪ್‌ಟಾಪುಗಳನ್ನು ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಿದ್ದಾಗ ಅಪ್ಪ ಕೋವಿಯನ್ನು ತಂದು ಸಾಲಿನ ಕೊನೆಗೆ ಮಲಗಿಸಿದರು. ಅಮ್ಮನ ಬೆರಳು ಲ್ಯಾಪ್‌ಟಾಪಿನ ಮೇಲೆಯೇ ನಿಂತಿತು.

“ಈಳಿಗೆಮಣೆ ದಿನಾ ಅನ್ನ ಹಾಕುತ್ತೆ. ಇದು ಏನ್ ಹಾಕಿದೆ ಅಂತ ಕುಂಕುಮ ಇಡ್ಲಿ?”

“ಮುಂದೆ ಹಾಕುತ್ತೆ. ಇಡು.”

“ಹಾಕಿದ್ ದಿನ ಇಡ್ತೀನಿ.”

ಅಪ್ಪ ತಾವೇ ಇಟ್ಟರು. ಬುರ್ಲಿ ಹೋಗಿ ಆ ಕೋವಿಯ ಮರದ ಹಿಡಿಯನ್ನು ಮೂಸಿ, ಅದರ ಪಕ್ಕದಲ್ಲೇ ಮೈಚೆಲ್ಲಿ ಮಲಗಿದಳು. ಈ ಚಿತ್ರವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಂದಿನವರೆಗೆ ಅವಳಿಗೆ ಹೆದರಿಕೆ ಇರಲಿಲ್ಲ.

ಬೇಟೆಯ ನಾಯಿಗೆ ಗುಂಡಿನ ಸದ್ದನ್ನು ಹೇಗೆ ಪರಿಚಯಿಸಬೇಕೆಂಬ ವಿಡಿಯೋಗಳನ್ನು ಅಪ್ಪ ಊಟದ ಮೇಜಿನಲ್ಲೇ ನೋಡುತ್ತಿದ್ದರು, ಹಾಗಾಗಿ ನಾವೂ ನೋಡುತ್ತಿದ್ದೆವು. ಎಲ್ಲವೂ ಹೇಳಿದ್ದು ಒಂದೇ. ದೂರದಿಂದ ಆರಂಭಿಸಿ, ಮೆಲ್ಲಗೆ ಆರಂಭಿಸಿ, ಮರಿ ಹಕ್ಕಿಯ ಹಿಂದೆ ಸಂತೋಷದಿಂದ ಓಡುತ್ತಿರುವಾಗ ಮಾತ್ರ ಸದ್ದು ಮಾಡಿ, ಎಂದೂ ಕಟ್ಟಿಹಾಕಬೇಡಿ. ಆಫೀಸಿನ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯ ಬಣ್ಣ ಬದಲಿಸಲಿಕ್ಕೂ ಹಂತಹಂತವಾಗಿ ಪರೀಕ್ಷೆ ನಡೆಸುವ ಮನುಷ್ಯ ಅವರು. ಆದರೆ ಬೇಟೆಯ ಕಾಲ ಹತ್ತಿರವಾಗುತ್ತಿತ್ತು, ಮ್ಯಾನೇಜರು ಈ ಸಲ ಕರೆದಿದ್ದರು, ಮತ್ತು ದೀಪಾವಳಿ ಬಂದಿತ್ತು. ಸಹೋದ್ಯೋಗಿಯೊಬ್ಬ ನೆವಾಡಾ ಗಡಿಯಾಚೆಯಿಂದ ತಂದುಕೊಟ್ಟ ಸರಪಟಾಕಿ ಗರಾಜಿನಲ್ಲಿತ್ತು. ಹೇವರ್ಡಿನಲ್ಲಿ ಅದನ್ನು ಹೊಡೆಯುವುದು ಕಾನೂನಿಗೆ ವಿರುದ್ಧವೆಂದು ಅಮ್ಮ ಎರಡು ದಿನದಿಂದ ಗೊಣಗುತ್ತಿದ್ದಳು.

ಹಬ್ಬದ ಸಂಜೆ, ಇನ್ನೂ ಬೆಳಕಿರುವಾಗಲೇ, ಅಪ್ಪ ಬುರ್ಲಿಯನ್ನು ಹಿತ್ತಲಿನ ಬೇಲಿಯ ಕಂಬಕ್ಕೆ ಕಟ್ಟಿ, ಎದುರಿಗೆ ಕೋಳಿ ಕಲಸಿದ ಅನ್ನದ ಬಟ್ಟಲಿಟ್ಟರು. ಹಬ್ಬದ ಶುಭಾಶಯ ಹೇಳಲು ಬಂದಿದ್ದ ರಫೀಕ್ ಮಾಮ ಹಿತ್ತಲಿನಲ್ಲೇ ಇದ್ದರು. ನಾನು ಗಾಜಿನ ಬಾಗಿಲ ಒಳಗೆ.

“ಗೌಡ್ರ, ಬ್ಯಾಡ್ರಿ. ಇನ್ನಾ ಸಣ್ಣದೈತಿ,” ಎಂದರು ಮಾಮ.

“ಊರಲ್ಲಿ ನಾಯಿಗಳು ಹಬ್ಬದಲ್ಲಿ ಬದುಕಲ್ವಾ? ತಿಂತಾ ತಿಂತಾ ಕೇಳಿಸ್ಕೊಂಡ್ರೆ ಒಂದೇ ದಿನಕ್ಕೆ ಅಭ್ಯಾಸ ಆಗೋಗುತ್ತೆ. ಲೈಟರ್ ಕೊಡಿ.”

ಮಾಮ ಲೈಟರ್ ಕೊಟ್ಟರು. ಒಮ್ಮೆ ಬೇಡವೆಂದ ಮನುಷ್ಯ ಎರಡನೆಯ ಸಲ ಬೇಡವೆನ್ನದೆ ಲೈಟರ್ ಕೊಟ್ಟರು.

ಸರ ಹೊತ್ತಿದ್ದು ಬಟ್ಟಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಬುರ್ಲಿ ಮೊದಲು ಕಂಬದ ಹಿಂದಕ್ಕೆ ಹೋಗಲು ನೋಡಿದಳು, ಹಗ್ಗ ಬಿಡಲಿಲ್ಲ. ಆಮೇಲೆ ನೆಲವನ್ನು ಅಗೆಯತೊಡಗಿದಳು. ಬೊಗಳಲಿಲ್ಲ. ಎರಡೂ ಮುಂಗಾಲುಗಳಿಂದ, ಮೂತಿಯಿಂದ, ಭೂಮಿಯೊಳಕ್ಕೆ ದಾರಿ ಮಾಡಿಕೊಳ್ಳುವಂತೆ ಅಗೆದಳು. ನನ್ನ ಕೈ ಬಾಗಿಲ ಚಿಲಕದ ಮೇಲಿತ್ತು, ಅದು ತೆರೆಯುವುದು ಯಾವ ಕಡೆಗೆಂದು ಮರೆತುಹೋಗಿತ್ತು. ಒಳಗಿನಿಂದ ಬಂದ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಬರಿಗಾಲಲ್ಲಿ, ಇನ್ನೂ ಸಿಡಿಯುತ್ತಿದ್ದ ಸರವನ್ನು ದಾಟಿ ಹೋಗಿ, ತನ್ನ ಹೊಸ ಸೀರೆಯ ಸೆರಗನ್ನು ನಾಯಿಯ ತಲೆಗೆ ಸುತ್ತಿ ಹಗ್ಗ ಬಿಚ್ಚಿದಳು. ಒಗ್ಗರಣೆ ಸಿಡಿದರೆ ನಡುಗುವ ಕಡೆಯವಳು ಎಂದು ಹೆಸರಾದವಳು ಅವಳು. ಅಪ್ಪ ಹೊಗೆಯಾಚೆ ನಿಂತು, “ನೀನು ಬಂದು ಕೆಡಿಸ್ದೆ,” ಎಂದರು.

ಮಾರನೆಯ ದಿನದಿಂದ ಬುರ್ಲಿಯ ವಾಸ ಗರಾಜಿನ ವಾಷಿಂಗ್ ಮಷಿನ್ನಿನ ಹಿಂದೆ. ಸ್ಟೀಲಿನ ಬಟ್ಟಲನ್ನು ಕಂಡರೆ ಅವಳು ಹಿಂದೆ ಸರಿಯುತ್ತಿದ್ದಳು. ಅಮ್ಮ ಅಂಗೈಯಲ್ಲಿ ಅನ್ನ ಹಿಡಿದು ನೆಲದ ಮೇಲೆ ಕೂರಬೇಕಾಗುತ್ತಿತ್ತು. ಕುಕ್ಕರ್ ಕೂಗಿದರೆ ಉಚ್ಚೆ. ಸೇಫಿನ ಬಾಗಿಲ ಟಕ್ ಎಂಬ ಸದ್ದಿಗೆ ಮೈಯೆಲ್ಲ ಅಲುಗಾಟ. ಅಪ್ಪ ಸಂಜೆ ನಡುಮನೆಯಲ್ಲಿ ನಿಂತು ಖಾಲಿ ಕೋವಿಯನ್ನು ಭುಜಕ್ಕೆ ಏರಿಸಿ ಇಳಿಸಿ ಅಭ್ಯಾಸ ಮಾಡುವಾಗ, ನಾನು ಗರಾಜಿನಲ್ಲಿ ಮಷಿನ್ನಿಗೆ ಬೆನ್ನು ಕೊಟ್ಟು ಕುಳಿತು ಅವಳ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿರುತ್ತಿದ್ದೆ. ಶಾಲೆಯಲ್ಲಿ ನನ್ನ ತಲೆಯ ತುಂಬ ಒಂದೇ ಲೆಕ್ಕ: ಅಪ್ಪ ಇಂದು ಎಷ್ಟು ಹೊತ್ತಿಗೆ ಸೇತುವೆ ದಾಟುತ್ತಾರೆ, ಅಷ್ಟರೊಳಗೆ ಅವಳನ್ನು ಹಿತ್ತಲಿಗೆ ಕರೆದೊಯ್ದು ತರಬಹುದೇ. ಮನೆ ಮತ್ತೆ ಪಿಸುಮಾತಿಗೆ ಬಂದಿತ್ತು. ಮಿಕ್ಸಿಯ ಕೆಳಗೆ ಟವೆಲು ಮತ್ತೆ ಬಂದಿತ್ತು. ಒಂದು ರಾತ್ರಿಯ ಊಟದಲ್ಲಿ ಅಪ್ಪ ತೀರ್ಪು ಹೇಳಿದರು.

“ಇದು ತಳಿದೋಷ. ಹುಟ್ಟಾ ಪುಕ್ಕಲು. ಈ ಶನಿವಾರ ವಾಪಸ್ ಕೊಟ್ಟು ಬೇರೆ ಮರಿ ತರೋದು.”

ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ಪೂಲಿನ ಅಂಚಿನಲ್ಲಿ, ಮೂಗಿನಲ್ಲಿ ನೀರು ತುಂಬಿಕೊಂಡು ಕೇಳಿದ್ದೆ.

“ವಾಪಸ್ ಕೊಟ್ರೆ ಅವಳನ್ನ ಏನ್ ಮಾಡ್ತಾರೆ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆಗ ನಾನು ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದೆ.

“ಅದು ಅವ್ರ ತಲೆನೋವು.”

ಅಮ್ಮ ಅವರ ತಟ್ಟೆಗೆ ಅನ್ನ ಬಡಿಸಿದಳು. ಅವರು ಸಾಕೆನ್ನುವವರೆಗೂ ಬಡಿಸಿ, ಸಾಕೆಂದ ಮೇಲೂ ಬಡಿಸಿದಳು.

ಶನಿವಾರ ರಫೀಕ್ ಮಾಮನ ಜೊತೆ ನಾವು ಮೂವರೂ ಹೋದಾಗ ಕಣಿವೆಯಲ್ಲಿ ನೆಲಮಟ್ಟದ ಮಂಜಿತ್ತು. ಕೊಯ್ಲಾದ ಗದ್ದೆಗಳ ಮೇಲೆ ಕಾಡುಬಾತುಗಳು ಕೂಗುತ್ತಿದ್ದವು. ಬುರ್ಲಿ ದಾರಿಯುದ್ದಕ್ಕೂ ನನ್ನ ಜಾಕೆಟ್ಟಿನೊಳಗೆ ತಲೆಯಿಟ್ಟಿದ್ದಳು. ಕ್ಯಾರಲ್ ತನ್ನ ಕೆಲಸದವನನ್ನು ಗದ್ದೆಯ ಆಚೆ ತುದಿಗೆ ಕಳಿಸಿ, ಸದ್ದು ಮಾತ್ರ ಬರುವ ಸಣ್ಣ ಪಿಸ್ತೂಲಿನಿಂದ ಒಂದು ಸಲ ಹೊಡೆಸಿದಳು. ನನಗೆ ಅದು ಯಾರೋ ದೂರದಲ್ಲಿ ಕಾರಿನ ಬಾಗಿಲು ಹಾಕಿದಷ್ಟು ಕೇಳಿಸಿತು. ಬುರ್ಲಿ ಹಗ್ಗವನ್ನು ನನ್ನ ಕೈಯಿಂದ ಕಿತ್ತುಕೊಂಡು ಓಡಿ, ನಮ್ಮ ಕಾರಿನ ಅಡಿಯಲ್ಲಿ ಹೊಟ್ಟೆಯ ಮೇಲೆ ತೆವಳಿ, ಹಿಂದಿನ ಚಕ್ರದ ಒಳಗೆ ಸಿಕ್ಕಿಕೊಂಡು ಕುಳಿತಳು. ಕ್ಯಾರಲ್ ಬಹಳ ಹೊತ್ತು ಕಾರಿನ ಕಡೆ ನೋಡಿದಳು. ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ; ನನಗೆ ಈಗ ಅದು ಕನ್ನಡದಲ್ಲೇ ಕೇಳಿಸುತ್ತದೆ.

“ಇದು ಮುಚ್ಚಳದ ಮೇಲೆ ಕಾಲಿಟ್ಟ ಮರಿಯಲ್ಲವೇ?”

“ಬೆಳೀತಾ ಹೀಗಾಯ್ತು,” ಎಂದರು ಅಪ್ಪ.

“ತಳಿಯ ದೋಷವಾದರೆ ನಾನು ತಾಯಿಯಿಂದ ಇನ್ನು ಮರಿ ಹಾಕಿಸುವಂತಿಲ್ಲ. ಒಡಹುಟ್ಟಿದ ಮರಿಗಳನ್ನು ಕೊಂಡವರಿಗೆಲ್ಲ ಹೇಳಬೇಕು. ಅದಕ್ಕೇ ಕೇಳುತ್ತಿದ್ದೇನೆ. ಮನೆಯಲ್ಲಿ ಏನಾದರೂ ನಡೆಯಿತೇ?”

“ಏನೂ ಇಲ್ಲ.”

“ನಡೀತು,” ಎಂದೆ ನಾನು. ನನ್ನ ಧ್ವನಿ ನನಗೇ ಬೇರೆ ಯಾರದೋ ಎನ್ನಿಸಿತು.

ಅಪ್ಪ ನನ್ನ ಕಡೆ ತಿರುಗದೆ, ಮುಖದ ನಗುವನ್ನು ಕದಲಿಸದೆ, ಕನ್ನಡದಲ್ಲಿ “ಬಾಯ್ಮುಚ್ಕೊಂಡ್ ನಿಂತ್ಕೊ” ಎಂದರು. ಅಮೆರಿಕನ್ನರ ನಡುವೆ ಕನ್ನಡ ನಮ್ಮ ಮನೆಯ ಬೀಗವಾಗಿತ್ತು. ಆಮೇಲೆ ಕ್ಯಾರಲಿಗೆ, “ಮಗು ಸ್ವಲ್ಪ ಅಂಜುಬುರುಕಿ. ನಾಯಿ ಮೇಲೆ ಪ್ರೀತಿ, ಅದಕ್ಕೆ ಏನೋ ಹೇಳ್ತಾಳೆ,” ಎಂದರು. ಕ್ಯಾರಲ್ ರಫೀಕ್ ಮಾಮನನ್ನು ನೋಡಿದಳು. ಮಾಮ ತಮ್ಮ ಬೂಟಿನ ಮಣ್ಣನ್ನು ನೋಡಿದರು.

ಆಗ ಅಮ್ಮ ಮಾತಾಡಿದಳು. ಅವಳ ಇಂಗ್ಲಿಷು ಡೇಕೇರಿನ ಮಕ್ಕಳಿಂದ ಕಲಿತದ್ದು, ಆ ಮಕ್ಕಳಿಗೆ ಹೇಳುವಷ್ಟೇ ಪುಟ್ಟ ಪುಟ್ಟ ಮಾತುಗಳದ್ದು. ಪಕ್ಕದ ಜಾಲರಿಯೊಳಗೆ ನಿಂತಿದ್ದ ತಾಯಿನಾಯಿಯ ಕಡೆಗೆ ಬೆರಳು ಮಾಡಿದಳು.

ತೊದಲದೆ, ಸ್ಪಷ್ಟವಾಗಿ, “ಮದರ್ ಈಸ್ ಗುಡ್,” ಎಂದಳು. “ಹಿ ಟೈಡ್ ದ ಡಾಗ್. ಹಿ ಲಿಟ್ ಕ್ರ್ಯಾಕರ್ಸ್. ವೆರಿ ನಿಯರ್. ಡೋಂಟ್ ಬ್ಲೇಮ್ ದ ಮದರ್.”

ಮಂಜಿನೊಳಗೆ ಬಾತುಗಳ ಸದ್ದು ಮಾತ್ರ. ನಾನು ಅಪ್ಪನ ಬಾಯನ್ನೇ ನೋಡುತ್ತಿದ್ದೆ. ಈಗಲಾದರೂ ಒಂದು ‘ಹೌದು’ ಬರಬಹುದೆಂದು ಕಾಯುತ್ತಿದ್ದೆ.

“ಇಟ್ ಈಸ್ ಅವರ್ ಫೆಸ್ಟಿವಲ್,” ಎಂದರು ಅಪ್ಪ.

ನಾಯಿಯನ್ನು ಕಟ್ಟಿದ್ದೂ ಹಬ್ಬ, ಪಟಾಕಿ ಹಚ್ಚಿದ್ದೂ ಹಬ್ಬ. ತಮ್ಮ ಒಂದು ಸಂಜೆಯ ಆತುರವನ್ನು ಅವರು ನಮ್ಮ ಸಮಸ್ತ ಪೂರ್ವಿಕರ ಮೇಲೆ, ಎಣ್ಣೆಸ್ನಾನದ ಮೇಲೆ, ದೀಪದ ಮೇಲೆ ಹೊರಿಸಿ ಕೈ ಒರೆಸಿಕೊಂಡರು. ನನಗೆ ಹನ್ನೊಂದು ವರ್ಷ. ಆ ಗದ್ದೆಯಲ್ಲಿ ನನಗೆ ಬಂದ ಸಿಟ್ಟು ಈಗಲೂ ಅಷ್ಟೇ ಬಿಸಿಯಾಗಿದೆ, ಮತ್ತು ಅದು ತಣ್ಣಗಾಗಲಿ ಎಂಬ ಆಸೆ ನನಗಿಲ್ಲ.

ಕ್ಯಾರಲ್ ಚುಟುಕಾಗಿ ಹೇಳಿದಳು. ಬದಲಿ ಮರಿ ಇಲ್ಲ. ನಾಯಿಯನ್ನು ಬಿಟ್ಟುಹೋಗುವುದಾದರೆ ಬಿಡಿ, ಗುಂಡು ಹಾರದ ಮನೆಯೊಂದನ್ನು ಹುಡುಕುತ್ತೇನೆ. ಕರೆದೊಯ್ಯುವುದಾದರೆ, ಬೇಟೆಯನ್ನು ಮರೆತು ಕರೆದೊಯ್ಯಿರಿ. ಅಪ್ಪ ಕೂಡಲೇ, “ಬಿಟ್ಟು ಹೋಗೋಣ,” ಎಂದರು. ಅವರು ಹೇಳುವಾಗ ಅಮ್ಮ ಆಗಲೇ ಕಾರಿನ ಬಳಿ ಒದ್ದೆ ಮಣ್ಣಿನಲ್ಲಿ ಬೋರಲು ಮಲಗಿ, ತಲೆಯನ್ನು ಕಾರಿನ ಅಡಿಗೆ ತೂರಿಸಿದ್ದಳು. ಅವಳ ಮಾತು ಮಾತ್ರ ಕೇಳಿಸುತ್ತಿತ್ತು: ಬಾ ಕಂದ, ಬಾ, ಯಾರೂ ಏನೂ ಮಾಡಲ್ಲ, ಬಾ. ನಾನು ಇನ್ನೊಂದು ಬದಿಯಲ್ಲಿ ಮಲಗಿದೆ. ಎಷ್ಟು ಹೊತ್ತಾಯಿತೋ ತಿಳಿಯದು. ಬುರ್ಲಿ ಹೊರಬಂದಾಗ ಅಮ್ಮ ಅವಳನ್ನೆತ್ತಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತು, ಒಳಗಿನಿಂದ ಬಾಗಿಲು ಲಾಕ್ ಮಾಡಿ, ಗಾಜನ್ನು ಒಂದು ಬೆರಳಿನಷ್ಟು ಇಳಿಸಿ ಅಪ್ಪನಿಗೆ ಹೇಳಿದಳು:

“ಹೊರಡಿ.”

ದಾರಿಯಲ್ಲಿ ಮಾತಾಡಿದವರು ರಫೀಕ್ ಮಾಮ ಒಬ್ಬರೇ. “ತಂಗೀ, ನಾ ಹೇಳಬೇಕಿತ್ತು,” ಎಂದರು, ಮುಂದಿನ ಸೀಟಿನಿಂದ, ಹಿಂದೆ ತಿರುಗದೆ.

“ಆವಾಗ ಹೇಳ್ಬೇಕಿತ್ತು ಅಣ್ಣ,” ಎಂದಳು ಅಮ್ಮ. ಅದರಲ್ಲಿ ಕೋಪವಿರಲಿಲ್ಲ. ಅವರು ಮನೆಗೆ ಬರುವುದನ್ನೂ ಬಿಡಲಿಲ್ಲ, ಅಮ್ಮ ಚಹಾ ಕೊಡುವುದನ್ನೂ ಬಿಡಲಿಲ್ಲ. ಆದರೆ ಆ ವಾಕ್ಯ ಅವರಿಬ್ಬರ ನಡುವಿನ ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಹಾಗೆ ಉಳಿಯಿತು.

ಅಪ್ಪ ಆ ಚಳಿಗಾಲ ನಾಯಿಯಿಲ್ಲದೆ ಬೇಟೆಗೆ ಹೋಗಿ ಬರಿಗೈಯಲ್ಲಿ ಬಂದರು. ಮರುವರ್ಷ ಕೋವಿಯನ್ನು ಮಾರಿದರು. ಸೀರೆಗಳು ಕಪಾಟಿಗೆ ವಾಪಸ್ ಬಂದವು. ‘ನಿಮ್ಮ ಕಡೆ’ ಎಂಬ ಮಾತು ನಮ್ಮ ಮನೆಯಲ್ಲಿ ಮತ್ತೆ ಹುಟ್ಟಲಿಲ್ಲ, ಆದರೆ ಅದರ ಜಾಗಕ್ಕೆ ಬೇರೆ ಯಾವ ಮಾತೂ ಬರಲಿಲ್ಲ. ಅಮೆರಿಕದ ಸ್ವಾತಂತ್ರ್ಯೋತ್ಸವದ ಜುಲೈ ನಾಲ್ಕಕ್ಕೂ ದೀಪಾವಳಿಗೂ ಅಮ್ಮ ಬುರ್ಲಿಯನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಊರು ತಣ್ಣಗಾಗುವವರೆಗೆ ನೆಲದ ಮೇಲೆ ಕುಳಿತಿರುತ್ತಿದ್ದಳು. ನಾನು ಬಾಗಿಲ ಹೊರಗೆ ಕುಳಿತು ಓದುತ್ತಿದ್ದೆ. ನನ್ನ ಶಾಲೆಯ, ಕಾಲೇಜಿನ ಓದಿನ ಎಷ್ಟೋ ಭಾಗ ಆ ಬಾಗಿಲಿಗೆ ಒರಗಿಯೇ ಆಯಿತು. ಬರ್ಕ್ಲಿಯಲ್ಲಿ ನಾನು ಆಡಳಿತದವರನ್ನೂ ಪ್ರಾಧ್ಯಾಪಕರನ್ನೂ ಎದುರು ನಿಲ್ಲಿಸಿ ‘ಇದನ್ನು ಮಾಡಿದವರು ಯಾರು, ಹೆಸರು ಹೇಳಿ’ ಎಂದು ಕೇಳುವ ವಿದ್ಯಾರ್ಥಿನಿಯೆಂದು ಹೆಸರಾದೆ. ಊಟದ ಮೇಜಿನಲ್ಲಿ ಮಾತ್ರ ಆ ಪ್ರಶ್ನೆ ನನ್ನ ಗಂಟಲನ್ನು ದಾಟುತ್ತಿರಲಿಲ್ಲ.

ಕಳೆದ ದೀಪಾವಳಿಗೆ ನಾನು ರೈಲು ಹಿಡಿದು ಮನೆಗೆ ಬಂದೆ. ಬುರ್ಲಿಯ ಮೂತಿ ಪೂರ್ತಿ ಬೆಳ್ಳಗಾಗಿದೆ, ಹಿಂಗಾಲುಗಳು ನಡುಗುತ್ತವೆ. ಸಂಜೆ ಬೀದಿಯಲ್ಲಿ ಯಾರೋ ಪಟಾಕಿ ಹಚ್ಚಿದರು. ಸಾಲಾಗಿ, ಹತ್ತಿರದಲ್ಲೇ, ಕಿಟಕಿಯ ಗಾಜು ಅದುರುವಂತೆ ಹೊಡೆಯಿತು. ನಾನು ಎದ್ದು ಬಚ್ಚಲಿನ ದೀಪ ಹಾಕಲು ಓಡಿದೆ. ಅಮ್ಮ ಒಲೆಯ ಮುಂದೆಯೇ ನಿಂತಿದ್ದಳು. ಬುರ್ಲಿ ಅಡುಗೆಮನೆಯ ಬಾಗಿಲಲ್ಲಿ, ಚಾಪೆಯ ಮೇಲೆ, ಹೊಟ್ಟೆಯನ್ನು ಮೆಲ್ಲಗೆ ಏರಿಳಿಸುತ್ತ ನಿದ್ದೆ ಮಾಡುತ್ತಿದ್ದಳು. ಅಪ್ಪ ಪೇಪರು ಕೆಳಗಿಟ್ಟು ಅವಳನ್ನು ನೋಡಿದರು. ಅವರ ಮುಖದಲ್ಲಿ ಮೂಡಿದ್ದು ನಿಜವಾದ ಸಂತೋಷ.

“ನೋಡ್ದಾ? ಹೆದರಿಕೆ ಹೋಗ್ಬಿಟ್ಟಿದೆ.”

“ಕಿವಿ ಹೋಗಿದೆ ರೀ,” ಎಂದಳು ಅಮ್ಮ, ತಿರುಗದೆ. “ಮೂರು ತಿಂಗಳಾಯ್ತು. ಡಾಕ್ಟರ್ ಹೇಳಿದ್ರು.”

ಅಪ್ಪ ನಂಬಲಿಲ್ಲ. ಎದ್ದುಬಂದು, ಬುರ್ಲಿಯ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಒಮ್ಮೆ ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ, ಜೋರಾಗಿ. ಅವಳ ಕಿವಿಯ ತುದಿಯೂ ಅಲುಗಲಿಲ್ಲ. ಅವರು ಅವಳ ಹೆಸರು ಹಿಡಿದು ಕರೆದರು. ಅವರು ಅವಳನ್ನು ಹೆಸರಿನಿಂದ ಕರೆದದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಎತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೆಯೇ ಇದ್ದರು. ಆಮೇಲೆ ಒಂದು ಕೈಯನ್ನು ಅವಳ ಬೆನ್ನ ಮೇಲಿಟ್ಟು, ಬಾಗಿ, ಅವಳ ಕಿವಿಯ ಹತ್ತಿರ ಏನನ್ನೋ ಹೇಳಿದರು. ಅವರ ತುಟಿ ಅಲುಗಿದ್ದು ನನಗೆ ಕಂಡಿತು. ಹೊರಗಿನ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ.

ಕೇಳಲಾರದ ಕಿವಿಯನ್ನು ಹುಡುಕಿಕೊಂಡು ಆಡಿದ ಮಾತನ್ನು ನಾನು ಮಾತೆಂದು ಒಪ್ಪಲಾರೆ. ಹದಿಮೂರು ವರ್ಷ ಗಂಟಲಲ್ಲಿ ನಿಂತದ್ದು ಆಗ ಹೊರಬಂತು. ಕನ್ನಡದಲ್ಲಿ ಬಂತು.

“ಅಪ್ಪ, ನನಗೆ ಕಿವಿ ಕೇಳಿಸುತ್ತೆ. ಈ ಕಡೆ ತಿರುಗಿ ಹೇಳಿ.”

ಅವರು ತಿರುಗಲಿಲ್ಲ. ಎದ್ದೂ ಹೋಗಲಿಲ್ಲ. ಕೈ ನಾಯಿಯ ಬೆನ್ನ ಮೇಲೆಯೇ ಇತ್ತು, ಅದರ ಉಸಿರಿನೊಂದಿಗೆ ಏರಿ ಇಳಿಯುತ್ತಿತ್ತು. ಅಮ್ಮ ಒಲೆ ಆರಿಸಿದಳು. ಮೇಲೆ ಗುಂಯ್‌ಗುಡುತ್ತಿದ್ದ ಫ್ಯಾನನ್ನೂ ಆರಿಸಿ, ಕಿಟಕಿಯನ್ನು ಎಳೆದು ಮುಚ್ಚಿ, ಸೌಟು ಕೆಳಗಿಟ್ಟು, ಅವರ ಕಡೆ ತಿರುಗಿ ನಿಂತಳು.